ಹೋದ ಕೈ ಯಾವಾಗ ಬರುತ್ತದೆ?

ನಮ್ಮ ಬೀದಿಯಲ್ಲಿ ಕರೆಗಂಟೆ ಇರುವ ಮನೆಗಳಿಗೆ ನಾನು ಹೋದರೆ ಯಾರೂ ಬಾಗಿಲು ತೆರೆಯುವುದಿಲ್ಲ. ನನ್ನ ಮೇಲೆ ಅವರಿಗೆ ಸಿಟ್ಟೇನಿಲ್ಲ. ಗಂಟೆ ಒಳಗೆ ಕೇಳಿಸುವುದೇ ಇಲ್ಲ. ನನ್ನ ಎಡಗೈ ಗುಂಡಿಯ ತನಕ ಹೋಗುವುದೇನೋ ನಿಜ, ಆದರೆ ಮುಟ್ಟಿತೋ ಇಲ್ಲವೋ ಅನ್ನುವಷ್ಟರಲ್ಲಿ ತಿರುಗಿ ಬಂದು ಗಲ್ಲದ ಪಕ್ಕ ನಿಂತುಬಿಟ್ಟಿರುತ್ತದೆ. ಪಾಪ, ಗಂಟೆಗೂ ಬಾಯಿ ಬಿಡಲು ಪುರಸೊತ್ತು ಬೇಕಲ್ಲ! ಮೊನ್ನೆ ಬೀಗರ ಮನೆಯ ಮುಂದೆ ಹೀಗೆಯೇ ಮೂರು ಸಲ ಮಾಡಿದೆ. ಬಿಸಿಲಲ್ಲಿ ನಿಂತು ಬೇಸತ್ತ ನನ್ನ ಹೆಂಡತಿ, "ಗಂಟಿಯೊಳಗ ಚೇಳು ಕುಂತೈತೇನ್ರಿ? ಸರೀರಿ ಅತ್ತಾಗ" ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ ತಾನೇ ಒತ್ತಿದಳು. ಅವಳು ಒತ್ತಿದ್ದು ಮೂರು ಮನೆಗೆ ಕೇಳಿಸಿತು.

ಅರವತ್ತು ವರ್ಷ ದಾಟಿದ ಚಾಳಿ ಇದು. ದೀಪದ ಗುಂಡಿ ಒತ್ತುವಾಗಲೂ ಹೀಗೆಯೇ, ನೊಣ ಹೊಡೆಯುವಾಗಲೂ ಹೀಗೆಯೇ. ನೊಣದ ವಿಷಯದಲ್ಲಿ ಮಾತ್ರ ನನ್ನ ಹೆಂಡತಿಗೆ ನನ್ನ ಮೇಲೆ ಗೌರವ ಇದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಲಿತ ಗುಣವೂ ಹೋಗುವುದಿಲ್ಲ, ಕಲಿಸಿದವರು ಸರಿಯಾಗಿದ್ದರೆ. ಕಲಿಸಿದವನು ಸರಿಯಾಗಿದ್ದ. ಕಲಿತವನ ವಿಷಯ ನೀವೇ ಕೊನೆಗೆ ಹೇಳಿ.

ನನ್ನ ಊರು ಕುರುಗೋಡು. ನಮ್ಮೂರ ಗುಡಿಯಲ್ಲಿ ಕುಳಿತಿರುವ ಬಸವಣ್ಣನ ಗಾತ್ರ ನೋಡಿದವರಿಗೆ ಗೊತ್ತು. ಊರ ಗಂಡಸರೆಲ್ಲ ಅವನನ್ನು ನೋಡಿಯೇ ಮೈ ಬೆಳೆಸಿದವರಂತೆ ಇದ್ದರು. ನಾನೊಬ್ಬ ಹೊರತು. ಕಡ್ಡಿಯಂಥ ದೇಹ, ಅದಕ್ಕೆ ಎರಡು ಉದ್ದನೆಯ ತೋಳು. ಅಂಗಿ ಹೊಲಿಯುವವನು ಮೈಗೆ ಉಳಿದ ಬಟ್ಟೆಯನ್ನು ತೋಳಿಗೆ ಸೇರಿಸಿ ಸರಿದೂಗಿಸುತ್ತಿದ್ದ. ಮನೆಯವರು ಬಿಡದೆ ಗರಡಿಗೆ ಕಳಿಸಿದರು. ಗರಡಿಯ ಕೆಂಪು ಮಣ್ಣಿನಲ್ಲಿ ಎರಡು ವರ್ಷ ಕುಸ್ತಿ ಕಲಿತೆ ಎಂದು ಹೇಳಿಕೊಳ್ಳಬಹುದು. ಬೇರೆಯವರು ಅಲ್ಲಿ ಪಟ್ಟುಗಳನ್ನು ಕಲಿತರು, ನಾನು ಅಂಗಾತ ಬಿದ್ದು ಗರಡಿಯ ಸೂರಿನಲ್ಲಿ ಎಷ್ಟು ತೊಲೆ ಇವೆ ಎಂಬುದನ್ನು ಕಲಿತೆ.

ಹೈಸ್ಕೂಲಿಗೆಂದು ಬಳ್ಳಾರಿಯ ಸೋದರತ್ತೆಯ ಮನೆಗೆ ಬಂದಾಗ ಯುದ್ಧ ನಡೆಯುತ್ತಿತ್ತು. ಕಂಟೋನ್ಮೆಂಟಿನಲ್ಲಿ ಗೋರಾ ಸಿಪಾಯಿಗಳ ಪಲ್ಟನ್ ಇತ್ತು. ಭಾನುವಾರ ಅವರು ಮೈದಾನದಲ್ಲಿ ನಾಲ್ಕು ಕಂಬ ನೆಟ್ಟು ಹಗ್ಗ ಕಟ್ಟಿ ಬಾಕ್ಸಿಂಗ್ ಆಡುತ್ತಿದ್ದರು. ನಮಗೆ ಒಳಗೆ ಪ್ರವೇಶವಿಲ್ಲ, ಆದರೆ ಬೇಲಿಯ ಹೊರಗಿನ ಬೇವಿನ ಮರಕ್ಕೆ ಆ ನಿಯಮ ಗೊತ್ತಿರಲಿಲ್ಲ. ಒಂದು ಭಾನುವಾರ ಆ ಮರದ ಮೇಲಿಂದ ನೋಡಿದ್ದು ನನ್ನ ತಲೆ ಕೆಡಿಸಿತು. ಒಬ್ಬ ಎಮ್ಮೆಯಂಥ ಸಿಪಾಯಿ, ಅವನ ಎದುರಿಗೆ ನನ್ನಂಥದೇ ಬಡಕಲು. ಆ ಬಡಕಲ ಎಡಗೈಯೊಂದನ್ನೇ ಮುಂದೆ ಚಾಚಿ ಚಾಚಿ ಹಿಂದಕ್ಕೆ ತೆಗೆಯುತ್ತಿದ್ದ. ಎಮ್ಮೆಗೆ ಹತ್ತಿರ ಬರಲು ಆಗಲೇ ಇಲ್ಲ. ಆ ಏಟಿಗೆ ಜಾಬು ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಉದ್ದ ತೋಳಿಗೂ ಭೂಮಿಯ ಮೇಲೆ ಒಂದು ಕೆಲಸ ಇದೆ ಎಂದು ನನಗೆ ಮೊದಲ ಸಲ ಅನ್ನಿಸಿದ ದಿನ ಅದು. ಮರ ಇಳಿಯುವಾಗ ಚಡ್ಡಿ ಹರಿಯಿತು, ಲೆಕ್ಕಕ್ಕೇ ತಗೊಳ್ಳಲಿಲ್ಲ.

ನೋಡುವುದು ಸುಲಭ, ಕಲಿಸುವವರು ಬೇಕಲ್ಲ. ಯುದ್ಧ ಮುಗಿದು ಪಲ್ಟನ್ ಹೊರಟುಹೋದ ಮೇಲೆ ಬಳ್ಳಾರಿಯಲ್ಲಿ ಬಾಕ್ಸಿಂಗ್ ಬಲ್ಲವನೆಂದು ಹೆಸರಾಗಿದ್ದವನು ಒಬ್ಬನೇ, ಒಂದು ದವಾಖಾನೆಯ ಕಾಂಪೌಂಡರ್. ಮದ್ರಾಸಿನಲ್ಲಿ ಆಡಿ ಬಂದವನಂತೆ. ಪ್ರತಿ ಮಾತಿಗೂ "ಮದ್ರಾಸ್‌ಲೋ ಐತೇ..." ಎಂದು, ಮದ್ರಾಸಿನಲ್ಲಾದರೆ ಅಂತ, ತೆಲುಗಿನಲ್ಲಿ ಶುರು ಮಾಡುತ್ತಿದ್ದ, ಬಳ್ಳಾರಿ ಅಂದರೆ ಅವನಿಗೆ ಮದ್ರಾಸಿಗೆ ಹೋಗುವ ದಾರಿಯಲ್ಲಿ ಬರುವ ಒಂದು ಸ್ಟೇಷನ್ನು, ಅಷ್ಟೆ. ಅವನ ಹತ್ತಿರ ಒಂದು ಚಿತ್ರದ ಪುಸ್ತಕ, ಒಂದು ಆಳೆತ್ತರದ ಕನ್ನಡಿ, ಒಂದು ಜೊತೆ ಹಳೆಯ ಗ್ಲೌಸು ಇದ್ದವು. ಆರು ತಿಂಗಳು ಕಲಿತೆ. ಬಲಗಾಲು ಮುಂದೆ, ಬಲಗೈ ಮುಂದೆ. ಪುಸ್ತಕದ ಚಿತ್ರವನ್ನು ಎದುರಿಗಿಟ್ಟುಕೊಂಡು ಕನ್ನಡಿಯಲ್ಲಿ ತನ್ನನ್ನು ಅದಕ್ಕೆ ಹೊಂದಿಸಿ ಕಲಿತ ಪುಣ್ಯಾತ್ಮ ಅವನು, ಹಾಗಾಗಿ ಎಲ್ಲವೂ ಎಡ ಇದ್ದದ್ದು ಬಲವಾಗಿತ್ತು. ಅದು ತಪ್ಪೆಂದು ನನಗೆ ಗುಮಾನಿ ಇರಲಿಲ್ಲ ಎಂದರೆ ಸುಳ್ಳಾದೀತು. ಬೇವಿನ ಮರದ ಮೇಲಿಂದ ನೋಡಿದ್ದು ಎಡಗೈಯನ್ನೇ. ಆದರೂ ಸುಮ್ಮನಿದ್ದೆ. ಏಕೆಂದರೆ ಎಡಗೈ ಬಳಸುವುದು ತಪ್ಪುತ್ತದಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಆ ಸಮಾಧಾನದ ಕಾರಣ ಮುಂದೆ ಹೇಳುತ್ತೇನೆ.

ಒಂದು ದಿನ ಗ್ಲೌಸಿನ ಹೊಲಿಗೆ ಬಿಚ್ಚಿತು. "ಕಂಟೋನ್ಮೆಂಟ್ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಮಾರೆಪ್ಪ ಅಂತ ಕೂತಿರುತ್ತಾನೆ, ಹೊಲಿಸಿಕೊಂಡು ಬಾ" ಎಂದು ಕಾಂಪೌಂಡರ್ ನನ್ನನ್ನು ಅಟ್ಟಿದ. ಅದು ನನ್ನದೇ ಬೇವಿನ ಮರ. ಕೆಳಗೆ ಕುಳಿತು ಚಪ್ಪಲಿ ಜೋಡು ಹೊಲಿಯುತ್ತಿದ್ದ ಮನುಷ್ಯನನ್ನು ನಾನು ಎಷ್ಟೋ ಭಾನುವಾರ ಮೇಲಿನಿಂದ ನೋಡಿದ್ದೆ, ಅಂದರೆ ನೋಡಿರಲಿಲ್ಲ. ಐವತ್ತರ ಆಸುಪಾಸು, ಮೂಗಿನ ಎಲುಬು ಒಂದು ಕಡೆ ವಾಲಿತ್ತು. ಅವನು ಹೊಲಿಯುವ ತನಕ ಸುಮ್ಮನೆ ನಿಲ್ಲಲಾರದೆ, ಅಲ್ಲಿ ಹೋಗಿಬರುವವರು ನೋಡಲಿ ಎಂಬ ಆಸೆಯಿಂದ, ನಾನು ಗಾಳಿಗೆ ನಾಲ್ಕು ಏಟು ಹೊಡೆದೆ.

ಅವನು ತಲೆ ಎತ್ತದೆ ಕೇಳಿದ: "ಕೈ ಹೋಗಿದ್ದು ಗೊತ್ತಾತ್ರಿ ಗೌಡ್ರ. ಯಾವಾಗ ಬರ್ತೈತಿ?"

ನನಗೆ ಅರ್ಥವಾಗಲಿಲ್ಲ. "ಅಂದ್ರ?"

"ಹೊಡದ ಕೈ ಮೋಕಾ ಊರಿಗೆ ಹೋಗಿ ಸಂತಿ ಮುಗಿಸ್ಕೊಂಡು ಬರಾಕತ್ತೈತ್ರಿ. ಅಷ್ಟೊತ್ತಿಗೆ ಎದರಿಗಿನಾವ ನಿಮ್ಮ ಮೂಗಿನ ಮ್ಯಾಲ ಮನಿ ಕಟ್ಟಿರ್ತಾನ."

ಸಿಟ್ಟು ಬಂತು. ಹೊಲಿಯುವವನಿಗೆ ಇದೆಲ್ಲ ಯಾಕೆ? "ನಿನಗ ಬರ್ತೈತೇನು?" ಅಂದೆ. ಅವನು ದಬ್ಬಳ ಕೆಳಗಿಟ್ಟು ಎದ್ದುನಿಂತ. ಕೈ ಎತ್ತಲಿಲ್ಲ. "ಹೊಡೀರಿ" ಅಂದ. ಮೂರು ಸಲ ಹೊಡೆದೆ. ಮೂರು ಸಲವೂ ಅವನ ಮುಖ ಅಲ್ಲಿರಲಿಲ್ಲ, ಒಂದು ಗೇಣು ಪಕ್ಕದಲ್ಲಿತ್ತು. ಮೂರನೆಯದಕ್ಕೆ ನಾನೇ ಮುಗ್ಗರಿಸಿ ಅವನ ಜೋಡುಗಳ ರಾಶಿಯ ಮೇಲೆ ಬಿದ್ದೆ.

ಅವನ ಕತೆ ತಿಳಿದದ್ದು ಆಮೇಲೆ, ಚೂರುಚೂರಾಗಿ. ಗೋರಾಗಳ ಗ್ಲೌಸು, ಜೋಡು, ಕುದುರೆ ಜೀನು ಹೊಲಿಯಲು ಒಳಗೆ ಹೋಗುತ್ತಿದ್ದವನು. ಒಮ್ಮೆ ಅವರಿಗೆ ಅಭ್ಯಾಸಕ್ಕೆ ಎದುರಾಳಿ ಸಾಲದೆ ಬಂದಾಗ ಇವನನ್ನು ಹಗ್ಗದೊಳಗೆ ನಿಲ್ಲಿಸಿದರು. ಏಳು ವರ್ಷ ನಿಂತ. ತಿರುಗಿ ಹೊಡೆಯುವ ಹಾಗಿಲ್ಲ, ಹೊಡೆಸಿಕೊಳ್ಳುವುದೇ ಕೆಲಸ. "ಮೊದಲ ವರ್ಷ ತಿಂದೆ. ಎರಡನೇ ವರ್ಷ ಎಲ್ಲಿಂದ ಬರ್ತೈತಿ ಅಂತ ಗೊತ್ತಾತು. ಮೂರನೇ ವರ್ಷದಿಂದ ತಪ್ಪಿಸ್ಕೊಂತಿದ್ದೆ, ಆದ್ರ ಆಗಾಗ ಬೇಕಂತಲೇ ತಿಂತಿದ್ದೆ. ಇಲ್ಲಂದ್ರ ಅವರಿಗೆ ಬ್ಯಾಸರ ಆಗತಿತ್ರಿ." ಇದನ್ನು ಅವನು ನಗುತ್ತಲೇ ಹೇಳಿದ. ನಗದೆ ಹೇಳಿದ್ದು ಒಂದೇ ಮಾತು: "ಅವರಿಗೆ ನನ್ನ ಹೆಸರು ಬೇಕಾಗಿರಲಿಲ್ರಿ. ಬ್ಯಾಗ್ ಅಂತಿದ್ರು. ಚೀಲ. ಚೀಲ ಬಂತೇನು ಅಂತ ಕೇಳ್ತಿದ್ರು."

ಒಳ್ಳೆಯ ಉಸ್ತಾದನನ್ನು ಗುರುತಿಸುವುದು ಹೇಗೆ ಎಂದು ಈಗಲೂ ಕೆಲವು ಹುಡುಗರು ನನ್ನನ್ನು ಕೇಳುವುದುಂಟು. ನನಗೆ ತಿಳಿದದ್ದು ಇಷ್ಟೇ. ಕಾಂಪೌಂಡರ್ ಪಾಠ ಹೇಳುವಾಗ ತನ್ನ ಕೈ ನೋಡಿಕೊಳ್ಳುತ್ತಿದ್ದ. ಮಾರೆಪ್ಪ ನನ್ನ ಕಾಲು ನೋಡುತ್ತಿದ್ದ.

ಕಲಿಸುತ್ತೀಯಾ ಎಂದು ಕೇಳಿದ್ದಕ್ಕೆ ಅವನು ಒಂದು ವಾರ ನನ್ನನ್ನು ಓಡಾಡಿಸಿದ. ಆಮೇಲೆ ಒಪ್ಪಿದ. ಏನು ಕೊಡಲಿ ಎಂದರೆ, "ಏನೂ ಬ್ಯಾಡ್ರಿ. ಒಂದಿಲ್ಲ ಒಂದಿನ ನೀವು ಮಂದಿ ಮುಂದ ಹಗ್ಗದೊಳಗ ನಿಂದರ್ತೀರಿ. ಕುಸ್ತಿಯಾಗ ಕೂಗಿದಂಗ ಅಲ್ಲೂ ಕೂಗತಾರ, ಯಾವ ಊರು, ಯಾವ ಉಸ್ತಾದನ ಶಿಷ್ಯ ಅಂತ. ಆವಾಗ ನನ್ನ ಹೆಸರು ಹೇಳ್ರಿ. ಗೆಲ್ರಿ, ಸೋಲ್ರಿ, ಅದು ನಿಮ್ಮ ಹಣೇಬರಾ. ಹೆಸರು ಮಾತ್ರ ಹೇಳ್ರಿ" ಅಂದ. ಇಷ್ಟೇ ತಾನೆ ಎಂದು ನಾನು ದೊಡ್ಡ ಗಂಟಲಲ್ಲಿ ಮಾತು ಕೊಟ್ಟೆ. ಹದಿನಾರು ವರ್ಷದವರ ಗಂಟಲು ಯಾವಾಗಲೂ ದೊಡ್ಡದೇ.

ಮೊದಲ ದಿನವೇ ಅವನು ನನ್ನ ಕಾಲು ಬದಲಿಸಿದ. ಎಡಗಾಲು ಮುಂದೆ, ಎಡಗೈ ಮುಂದೆ. ಅಲ್ಲಿಗೆ ನನ್ನ ಸಮಾಧಾನ ಮುಗಿಯಿತು.

ನಮ್ಮದು ಲಿಂಗ ಕಟ್ಟಿದ ಮನೆತನ. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳ ಲಿಂಗವನ್ನು ಬಿಚ್ಚಿ ಎಡ ಅಂಗೈಯ ಮೇಲಿಟ್ಟುಕೊಂಡು ಪೂಜೆ. ಗಂಡ ತೀರಿದ ಮೇಲೆ ಹತ್ತಿ ಜಿನ್ನಿಂಗ್ ಮಿಲ್ಲಿನ ವ್ಯವಹಾರವನ್ನು ತಾನೇ ನೋಡಿಕೊಳ್ಳುತ್ತಿದ್ದ ನನ್ನ ಅತ್ತೆ ಗಟ್ಟಿಗಿತ್ತಿ; ಪೂಜೆಯ ವಿಷಯದಲ್ಲಿ ಇನ್ನೂ ಗಟ್ಟಿ. ಒಮ್ಮೆ ನಾನು ಎಡಗೈಯಿಂದ ನಾಯಿಗೆ ಕಲ್ಲೆಸೆದಾಗ ಕಿವಿ ಹಿಂಡಿ, "ಶಿವ ಕುಂದ್ರೋ ಗದ್ದುಗಿ ಅದು! ಆ ಕೈ ಯಾರ ಮ್ಯಾಲೂ ಎತ್ತಬಾರದು" ಎಂದಿದ್ದಳು. ಆ ಮಾತು ನನ್ನ ಮೈಯಲ್ಲಿ ಇಳಿದುಹೋಗಿತ್ತು. ಹೊಡೆಯಲು ಹೋದ ಎಡಗೈ ಅರ್ಧ ದಾರಿಯಲ್ಲಿ ನಿಂತು, ಮುಷ್ಟಿ ಬಿಚ್ಚಿ, ಅಂಗೈ ಮೇಲಾಗಿಬಿಡುತ್ತಿತ್ತು. ನೋಡಿದವರಿಗೆ ಎದುರಾಳಿಯ ಹತ್ತಿರ ನಾನು ಏನೋ ಬೇಡುತ್ತಿದ್ದೇನೆ ಅನ್ನಿಸಬೇಕು.

ಮಾರೆಪ್ಪ ಹದಿನೈದು ದಿನ ನೋಡಿದ. "ಈ ಕೈಗೆ ಏನಾಗೈತ್ರಿ?" ಅಂದ. ಹೇಳಿದೆ. ಬೇರೆ ಯಾರಾದರೂ ನಗುತ್ತಿದ್ದರು. ಅವನು ಮೂರು ದಿನ ಜೋಡು ಹೊಲಿಯುತ್ತಾ ಯೋಚಿಸಿದ. ನಾಲ್ಕನೆಯ ದಿನ ಕೇಳಿದ:

"ಪೂಜಿಗೆ ಕುಂತಾಗ ಆ ಕೈ ಎಷ್ಟೆತ್ತರ ಹಿಡಿತೀರಿ?"

"ಎದಿಮಟ್ಟ. ಕಣ್ಣು ಅದರ ಮ್ಯಾಲೇ ಇಡಬೇಕು."

"ಎಷ್ಟೊತ್ತು?"

"ಅರ್ಧ ತಾಸು."

"ಕೈ ನೋಯಂಗಿಲ್ಲೇನ್ರಿ?"

"ನೋಯ್ತೈತಿ. ಇಳಿಸಬಾರದು."

"ಆತು ನೋಡ್ರಿ ಮತ್ತ!" ಅವನ ವಾಲಿದ ಮೂಗು ಕೂಡ ನೆಟ್ಟಗಾದಂತೆ ಕಂಡಿತು. "ಗೋರಾಗಳಿಗೆ ಎಡಗೈ ಇಳಿಸಬ್ಯಾಡ್ರಿ ಅಂತ ಅವರ ಮಾಸ್ತರ ದಿನಾ ಹೊಯ್ಕೊಂತಿದ್ದ. ನಿಮಗದು ಮನ್ಯಾಗೇ ಕಲಿಸ್ಯಾರ. ಕೈ ಅಲ್ಲೇ ಇರಲಿ, ಶಿವ ಅಲ್ಲೇ ಅದಾನ ಅಂತ ತಿಳಕೋರಿ. ಹೊರಗ ಹೋದ್ರೂ ಲಗೂನ ಗದ್ದುಗಿಗೆ ಬರಬೇಕು. ತಡಾ ಮಾಡಿದ್ರ ಪೂಜಿ ಕೆಡತೈತಿ."

"ಹೊಡಿಬಾರದಲ್ಲ ಆ ಕೈಲೆ?"

"ಜಾಬು ಹೊಡಿಯಾಕಲ್ರಿ. ದೂರ ನಿಂದ್ರು, ಹತ್ರ ಬರಬ್ಯಾಡ ಅಂತ ಹೇಳಾಕ." ಅಲ್ಲಿಗೆ ನಿಲ್ಲಿಸಿ, ಕಣ್ಣಲ್ಲಿ ನಕ್ಕು, "ಅದನ್ನ ನಿಮ್ಮ ಮಂದಿಗೆ ನಾ ಕಲಿಸಬೇಕೇನ್ರಿ ಗೌಡ್ರ?" ಅಂದ.

ನಾನೂ ನಕ್ಕೆ. ಅದು ನಗುವ ಮಾತಲ್ಲ ಎಂದು ತಿಳಿಯಲು ನನಗೆ ಇನ್ನಷ್ಟು ಕಾಲ ಬೇಕಾಯಿತು.

ಆಮೇಲೆ ಕಲಿಕೆ ಓಡಿತು. ಮರದ ಕೊಂಬೆಗೆ ಚರ್ಮದ ತುಂಡೊಂದನ್ನು ದಾರದಲ್ಲಿ ಕಟ್ಟಿದ. ಅದನ್ನು ಮುಟ್ಟಬೇಕು, ಅದು ಅಲ್ಲಾಡಿ ತಿರುಗಿ ಬರುವಷ್ಟರಲ್ಲಿ ಕೈ ಗಲ್ಲದ ಹತ್ತಿರ ಇರಬೇಕು. ಹೊಡೆಯುವ ಮೊದಲು ಕೈಯನ್ನು ಹಿಂದಕ್ಕೆ ಎಳೆಯುವ ನನ್ನ ಚಟಕ್ಕೆ, "ಕಾಗದ ಬರದು ತಿಳಿಸಿ ಹೊಡಿತೀರೇನ್ರಿ?" ಎನ್ನುತ್ತಿದ್ದ. ಮೊಣಕೈ ಹೊರಗೆ ಹೋದರೆ ದಬ್ಬಳ ತೋರಿಸುತ್ತಿದ್ದ. "ಇದು ಚರ್ಮದಾಗ ಯಾವ ಗೆರಿ ಹಿಡಿದು ಹೋಗತೈತಿ, ಅದೇ ಗೆರಿ ಹಿಡಿದು ಬರಬೇಕು. ಅಡ್ಡ ಎಳದ್ರ ಚರ್ಮ ಹರಿತೈತಿ." ಕೈ ಕೊನೆ ಮುಟ್ಟುವಾಗ ಮುಷ್ಟಿ ಕೆಳಮೊಗವಾಗಿ ತಿರುಗಬೇಕು, ಭುಜ ಗದ್ದದ ಮೇಲೆ ಬರಬೇಕು, ಬಲಗೈ ಬಾಗಿಲು ಕಾಯಬೇಕು. ಏಟು ಕೊಡುವ ಮೊದಲು, "ಗೌಡ್ರ, ಈಗ ನಿಮ್ಮ ಮೂಗಿಗೆ ಒಂದು ಕೊಡ್ತೀನಿ, ಮಾಫ್ ಮಾಡ್ರಿ" ಎಂದು ಹೇಳಿ ಕೊಡುತ್ತಿದ್ದ. ಇಷ್ಟು ಮರ್ಯಾದೆಯಿಂದ ಏಟು ತಿಂದವರು ಬಳ್ಳಾರಿ ಜಿಲ್ಲೆಯಲ್ಲಿ ಬೇರೆ ಯಾರೂ ಇರಲಾರರು.

ಒಂದು ಮಾತು ಹೇಳಬೇಕು. ಅವನು ನನ್ನನ್ನು ಎಂದೂ ಬರಿಗೈಯಿಂದ ಮುಟ್ಟಲಿಲ್ಲ. ಮೊಣಕೈ ಸರಿಮಾಡಲು ಒಂದು ಬಿದಿರು ಕೋಲು ಇಟ್ಟುಕೊಂಡಿದ್ದ. ಗ್ಲೌಸು ಹಾಕಿಕೊಂಡರೆ ಮಾತ್ರ ಮೂಗು, ಗಲ್ಲ, ಪಕ್ಕೆಲುಬು ಯಾವುದಕ್ಕೂ ಮುಲಾಜಿಲ್ಲ. ನಡುವೆ ಚರ್ಮ ಇರುವ ತನಕ ಅದು ಮುಟ್ಟಿದಂತಲ್ಲ ಎಂದು ನಾವಿಬ್ಬರೂ ಮಾತಾಡದೆಯೇ ಒಪ್ಪಿಕೊಂಡಿದ್ದೆವು. ತಂದೆಯ ವಯಸ್ಸಿನ ಅವನು ನನಗೆ 'ನೀವು' ಎನ್ನುತ್ತಿದ್ದ, ನಾನು ಅವನಿಗೆ 'ನೀನು' ಎನ್ನುತ್ತಿದ್ದೆ. ಇದು ಆಗ ನನಗೆ ವಿಚಿತ್ರವಾಗಿ ಕಂಡಿರಲಿಲ್ಲ, ಅದೇ ಈಗ ವಿಚಿತ್ರವಾಗಿ ಕಾಣುತ್ತದೆ. ಮನೆಯಲ್ಲಿ ಅತ್ತೆ ದಿನಾ ಸಂಜೆ ಶರಣರ ಮಾತು ಓದಿಸುತ್ತಿದ್ದಳು, ಕುಲ ಯಾವುದಯ್ಯಾ ಎಂಬ ಅರ್ಥದ ಮಾತುಗಳು. ಕಣ್ಣಲ್ಲಿ ನೀರು ತಂದುಕೊಂಡು ಕೇಳುತ್ತಿದ್ದಳು. ಆ ಮಾತುಗಳು ನಮ್ಮ ಪಡಸಾಲೆಯ ಹೊಸ್ತಿಲು ದಾಟಿ ಬೀದಿಗೆ ಇಳಿದದ್ದನ್ನು ನಾನು ನೋಡಿಲ್ಲ.

ಅತ್ತೆಗೆ ನಾನು ಹೇಳಿದ್ದು, ಶಾಲೆಯ ಡ್ರಿಲ್ ಮಾಸ್ತರರು ಬಾಕ್ಸಿಂಗ್ ಕಲಿಸುತ್ತಾರೆ ಎಂದು. ಆ ಮಾಸ್ತರರು ಸೀಟಿ ಊದುವುದೊಂದನ್ನು ಬಿಟ್ಟು ಬೇರೇನೂ ಗೊತ್ತಿಲ್ಲದ ಸಾಧು. ಸುಳ್ಳಿಗೆ ಇಂಥ ಸಾಧುಗಳೇ ಒಳ್ಳೆಯ ಗೂಟ.

ಸ್ವಾತಂತ್ರ್ಯ ಬಂದ ಮರುವರ್ಷ ಶಾಲೆಗಳ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಬಾಕ್ಸಿಂಗ್ ಇಟ್ಟರು. ಆಟ ಇಂಗ್ಲಿಷರದಾದರೂ ಕೂಗುವ ಪದ್ಧತಿ ನಮ್ಮ ಕುಸ್ತಿಯದೇ. ಹಗ್ಗದೊಳಗೆ ಇಳಿದವನ ಊರು, ಉಸ್ತಾದನ ಹೆಸರು ಕೂಗಿಯೇ ಆಟ ಶುರು. ಮುಂದಿನ ಕುರ್ಚಿಗಳಲ್ಲಿ ಊರ ದೊಡ್ಡವರು. ಹೆಂಗಸರ ಸಾಲಿನಲ್ಲಿ ಸೆರಗು ಹೊದ್ದು ನೆಟ್ಟಗೆ ಕುಳಿತ ನನ್ನ ಅತ್ತೆ. ದೂರದಲ್ಲಿ, ಹಗ್ಗ ಕಟ್ಟಿದ ಗೆರೆಯ ಆಚೆ, ಒಂದು ಹುಣಸೆ ಮರದ ಕೆಳಗೆ ಮಾರೆಪ್ಪ. ಆವತ್ತು ಒಗೆದ ರುಮಾಲು ಸುತ್ತಿಕೊಂಡಿದ್ದ.

"ಕುರುಗೋಡು ಪಂಪಾಪತಿ!" ಎಂದು ಲೌಡ್‌ಸ್ಪೀಕರು ಕೂಗಿತು. ಕೂಗುವವರು ನನ್ನತ್ತ ಬಾಗಿ, ಮೈಕನ್ನು ನನ್ನ ಬಾಯಿಯ ಹತ್ತಿರ ಹಿಡಿದು, "ಯಾವ ಉಸ್ತಾದ್ರ ಶಿಷ್ಯನಪ್ಪಾ, ನೀನೇ ಹೇಳು" ಅಂದರು.

ಹುಣಸೆ ಮರದ ಕಡೆ ನೋಡಿದೆ. ಅತ್ತೆಯ ಕಡೆ ನೋಡಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದಳು, ಪಕ್ಕದವಳಿಗೆ ಇವನು ನಮ್ಮ ಹುಡುಗ ಎಂದು ತೋರಿಸುತ್ತಾ. ಆ ಹೆಸರು ಹೇಳಲು ಜಾಬಿಗಿಂತ ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ನಾನು ಡ್ರಿಲ್ ಮಾಸ್ತರರ ಹೆಸರು ಹೇಳಿದೆ. ಅದು ಮೈದಾನದ ನಾಲ್ಕು ಮೂಲೆಗೂ ಹೋಯಿತು. ಹುಣಸೆ ಮರದ ಕೆಳಗೆ ಮಾರೆಪ್ಪ ತಲೆಯ ರುಮಾಲು ಬಿಚ್ಚಿ, ಒಮ್ಮೆ ಕೊಡವಿ, ಮತ್ತೆ ಕಟ್ಟಿಕೊಂಡ.

ಎದುರಾಳಿ ಹೊಸಪೇಟೆಯ ಹುಡುಗ, ಕತ್ತೇ ಇಲ್ಲದವನು. ಅವನನ್ನು ಮೂರು ಸುತ್ತೂ ಹತ್ತಿರ ಬರಗೊಡಲಿಲ್ಲ. ಎಡಗೈ ಹೋಯಿತು, ಬಂತು, ಹೋಯಿತು, ಬಂತು. ನಾನು ಗೆದ್ದೆ. ಹಿತ್ತಾಳೆಯ ಕಪ್ಪನ್ನು ಡ್ರಿಲ್ ಮಾಸ್ತರರೂ ನಾನೂ ಒಂದೊಂದು ಕಿವಿ ಹಿಡಿದು ಫೋಟೋಗೆ ನಿಂತೆವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕೈಯನ್ನು ಎಷ್ಟು ಬೇಗ ಹಿಂದಕ್ಕೆ ತರಬೇಕೆಂದು ಎರಡು ವರ್ಷ ಕಲಿತಿದ್ದೆ, ಆ ವಿದ್ಯೆ ನಾಲಿಗೆಗೆ ನಡೆಯಲಿಲ್ಲ. ಆ ಫೋಟೋ ನನ್ನ ಹತ್ತಿರ ಈಗಲೂ ಇದೆ. ಅದನ್ನು ಗೋಡೆಗೆ ಹಾಕಿಲ್ಲ.

ಎರಡು ದಿನ ಬಿಟ್ಟು ಬೇವಿನ ಮರದ ಹತ್ತಿರ ಹೋದೆ. ಮಾರೆಪ್ಪ ಸಿಟ್ಟಾಗುತ್ತಾನೆ, ಆಗ ಕಾಲು ಹಿಡಿದುಬಿಡೋಣ ಎಂದು ಸಿದ್ಧನಾಗಿದ್ದೆ. ಅವನು ಜೋಡಿನಿಂದ ಕಣ್ಣು ತೆಗೆಯದೆ, "ಎರಡನೇ ಸುತ್ತಿನಾಗ ಎಡಗೈ ಇಳಿಸಿದ್ರಿ" ಅಂದ. ಅಷ್ಟೇ. ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿ ಬಂದೆ. ಪಲ್ಟನ್ ಹೋದ ಮೇಲೆ ಕಂಟೋನ್ಮೆಂಟಿನಲ್ಲಿ ಹೊಲಿಸುವವರೂ ಕಡಿಮೆಯಾಗಿದ್ದರು. ಮುಂದಿನ ಬೇಸಿಗೆಯಲ್ಲಿ ಆ ಮರದ ಕೆಳಗೆ ಯಾರೂ ಇರಲಿಲ್ಲ. ಸಿರುಗುಪ್ಪದಲ್ಲಿರುವ ಮಗಳ ಮನೆಗೆ ಹೋದನೆಂದು ಗೇಟಿನ ಕಾವಲುಗಾರ ಹೇಳಿದ.

ಸಿರುಗುಪ್ಪ ಬಳ್ಳಾರಿಯಿಂದ ದೂರವೇನಲ್ಲ. ನನಗೆ ಮಾತ್ರ ಅಲ್ಲಿಗೆ ಹೋಗಲು ನಾಲ್ಕು ವರ್ಷ ಹಿಡಿಯಿತು. ಬಳ್ಳಾರಿ ಆಂಧ್ರಕ್ಕೋ ಮೈಸೂರಿಗೋ ಎಂದು ಊರೆಲ್ಲ ಜಗಳವಾಡುತ್ತಿದ್ದ ದಿನಗಳು. ಬಸ್ಸಿನಲ್ಲಿ ತೆಕ್ಕಲಕೋಟೆ ದಾಟುವ ತನಕ ಅದೇ ಮಾತು. ನಾವು ಯಾರಿಗೆ ಸೇರಿದವರು ಎಂದು ಜನ ಕೈ ಕೈ ಮಿಲಾಯಿಸುತ್ತಿದ್ದರು, ನಾನು ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತಾ ಕುಳಿತಿದ್ದೆ.

ಅವನು ಮಗಳ ಮನೆಯ ಮುಂದೆ ಚಪ್ಪರದ ನೆರಳಿನಲ್ಲಿ ಕುಳಿತು ಎತ್ತಿನ ಕೊರಳಪಟ್ಟಿ ಹೊಲಿಯುತ್ತಿದ್ದ. ಕೂದಲು ಬೆಳ್ಳಗಾಗಿತ್ತು. "ಬರ್ರಿ ಗೌಡ್ರ" ಎಂದು ಎದ್ದ. ನಾನು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡು ಬಂದಿದ್ದ ಮಾತನ್ನು ಓಣಿಯ ನಡುವೆ ನಿಂತು ಕೂಗಿಯೇ ಹೇಳಿದೆ: "ನಾನು ಮಾರೆಪ್ಪ ಉಸ್ತಾದ್ರ ಶಿಷ್ಯ ಅದೀನಿ! ನನಗ ಬಾಕ್ಸಿಂಗ್ ಕಲಿಸಿದವರು ಇವರು!" ಓಣಿಯ ಹೆಂಗಸರು ಬೀಸುವುದನ್ನು ನಿಲ್ಲಿಸಿ ನೋಡಿದರು. ಒಂದು ಎಮ್ಮೆಯೂ ನೋಡಿತು.

ಮಾರೆಪ್ಪ ಕೊರಳಪಟ್ಟಿಯನ್ನು ಕೆಳಗಿಟ್ಟ. ಆಮೇಲೆ ಮೆಲ್ಲಗೆ ಹೇಳಿದ: "ಇಲ್ಲಿ ಎಲ್ಲಾರಿಗೂ ನನ್ನ ಹೆಸರು ಗೊತ್ತೈತ್ರಿ. ನಿಮ್ಮ ಅತ್ತಿಗೆ ಹೇಳ್ರಿ."

ಅವನ ಮಗಳು ಕೊಟ್ಟ ನೀರು ಕುಡಿದು, ಬಳ್ಳಾರಿಗೆ ತಿರುಗಿ ಬಂದು ಅತ್ತೆಯ ಮನೆಯ ಬಾಗಿಲ ಮುಂದೆ ನಿಂತಾಗ ಇನ್ನೂ ಬಿಸಿಲಿತ್ತು. ಆ ಕಾಲಕ್ಕೆ ಕರೆಗಂಟೆ ಇಲ್ಲ, ಹಿತ್ತಾಳೆಯ ಚಿಲಕ ಬಡಿಯಬೇಕು. ಎಡಗೈ ಚಿಲಕದ ತನಕ ಹೋಯಿತು, ಬಂತು. ಮತ್ತೆ ಹೋಯಿತು, ಬಂತು. ಸದ್ದೇ ಇಲ್ಲ. ಎದುರು ಮನೆಯ ಜಗಲಿಯ ಮೇಲಿದ್ದವರು ನನಗೆ ಬಿಸಿಲು ಬಡಿದಿದೆ ಎಂದುಕೊಂಡಿರಬೇಕು. ಮೂರನೆಯ ಸಲ ಚಿಲಕವನ್ನು ಹಿಡಿದೇ ನಿಂತೆ, ಬಿಡಲಿಲ್ಲ, ಬಡಿದೆ. ಅತ್ತೆ ಬಾಗಿಲು ತೆರೆದಳು. ಹೊಸ್ತಿಲ ಆಚೆ ನಿಂತೇ ಹೇಳಿದೆ.

"ಅತ್ತೀ, ನನಗ ಕಲಿಸಿದವರು ಡ್ರಿಲ್ ಮಾಸ್ತರ ಅಲ್ಲ. ಕಂಟೋನ್ಮೆಂಟಿನ ಮಾರೆಪ್ಪ."

"ಯಾವ ಮಾರೆಪ್ಪ?"

"ಬೇವಿನ ಮರದ ಕೆಳಗ ಜೋಡು ಹೊಲಿತಿದ್ದರಲ್ಲ, ಅವರು. ಎರಡು ವರ್ಷ ಕಲಿಸಿದ್ರು. ಇವತ್ತು ಅವರ ಮನಿಗೆ ಹೋಗಿ ನೀರು ಕುಡಿದು ಬಂದೀನಿ."

ಅತ್ತೆ ಬೈಯಲಿಲ್ಲ, ಅಳಲಿಲ್ಲ. ತಿರುಗಿ ಒಳಗೆ ಹೋದಳು. ಆ ಸಂಜೆ ನನ್ನ ಊಟದ ಗಂಗಾಳ ಅಡುಗೆಮನೆಯ ಬದಲು ಹೊರಜಗಲಿಯ ಮೇಲೆ ಬಂತು. ರೊಟ್ಟಿ ಮೇಲಿನಿಂದ ಬಿತ್ತು. ಒಂದು ತಿಂಗಳು ಹಾಗೆಯೇ ಉಂಡೆ. ದಾರಿಯಲ್ಲಿ ಹೋಗುವವರು ನೋಡುತ್ತಿದ್ದರು, ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಯಾಕೆ ಹೇಳಿದೆನೋ ಎಂದು ಹತ್ತು ಸಲ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ತಿಂಗಳ ಮೇಲೆ ಒಂದು ದಿನ ಅತ್ತೆ ತಾನೇ ಬಂದು ಜಗಲಿಯ ಮೇಲೆ ನನ್ನ ಎದುರು ಕುಳಿತು, "ನಾಕು ವರ್ಷ ಯಾಕ ಮುಚ್ಚಿಟ್ಟಿ?" ಎಂದು ಕೇಳಿದಳು. "ಹಿಂಗ ಕುಂದರಿಸ್ತೀ ಅಂತ" ಅಂದೆ. ಅವಳು ನನ್ನ ಗಂಗಾಳ ಎತ್ತಿಕೊಂಡು ಒಳಗೆ ನಡೆದಳು. ಅವಳ ಮನಸ್ಸು ಬದಲಾಯಿತೋ, ನನ್ನ ಮೇಲಿನ ಅಕ್ಕರೆ ಗೆದ್ದಿತೋ ನನಗೆ ಇಂದಿಗೂ ತಿಳಿಯದು.

ಆ ವಾರವೇ ಮತ್ತೆ ಸಿರುಗುಪ್ಪದ ಬಸ್ಸು ಹತ್ತಿದೆ. ಹೇಳಿಬಿಟ್ಟೆ, ಹೊರಗೆ ಕೂಡಿಸಿ ಊಟ ಹಾಕಿದರು, ಅನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಮಾರೆಪ್ಪನವರ ಮುಂದೆ ಎಲ್ಲ ಒದರಿದೆ. ದೊಡ್ಡದೊಂದು ಯುದ್ಧ ಮಾಡಿ ಬಂದವನ ಧಾಟಿಯಲ್ಲೇ ಹೇಳಿರಬೇಕು.

"ಹೊರಗ? ಎಷ್ಟು ದಿನ?" ಎಂದು ಕೇಳಿದರು.

"ಒಂದು ತಿಂಗಳು."

ಅವರು ನಕ್ಕರು. ಹೊಲಿಗೆ ಬದಿಗಿಟ್ಟು, ಕೆಮ್ಮು ಬರುವ ತನಕ ನಕ್ಕರು. "ತಿಂಗಳಿಗೇ ಗಂಟಲಾಗ ಇಳಿಲಿಲ್ಲಂದ್ರ ಹೆಂಗ? ನಂಗ ಐವತ್ತೈದು ವರ್ಷಾತು, ಇನ್ನೂ ರೂಢಿ ಆಗಿಲ್ಲ."

ನನ್ನ ಮುಖ ಕೆಳಗಾಯಿತು. ಅವರು ಎದ್ದು ನಿಂತು ಕೈ ಒರೆಸಿಕೊಂಡರು. ಬಿದಿರು ಕೋಲಿರಲಿಲ್ಲ, ಗ್ಲೌಸೂ ಇರಲಿಲ್ಲ. ಬರಿಯ ಅಂಗೈಯನ್ನು ನನ್ನ ಮುಖದ ಎತ್ತರಕ್ಕೆ ಎತ್ತಿ ಹಿಡಿದು, "ಹೊಡಿ" ಅಂದರು.

ಎಡಗಾಲು ಮುಂದಿಟ್ಟೆ. ಕೈ ಗದ್ದುಗೆಯಿಂದ ನೆಟ್ಟಗೆ ಹೋಗಿ ಅವರ ಅಂಗೈಗೆ ತಾಕಿತು. ದಬ್ಬಳ ತಿಕ್ಕಿ ತಿಕ್ಕಿ ಜಡ್ಡುಗಟ್ಟಿದ, ಬೆಚ್ಚಗಿನ ಅಂಗೈ. ಅದನ್ನು ನಾನು ಮುಟ್ಟಿದ್ದು ಅದೇ ಮೊದಲು. ಕೈ ಅಲ್ಲೇ ಉಳಿಯಿತು.

ಅವರು ಅಂಗೈ ಇಳಿಸಲಿಲ್ಲ. ಆಮೇಲೆ ಕೇಳಿದರು: "ಕೈ ಹೋಗಿದ್ದು ಗೊತ್ತಾತಲೇ ಪಂಪಾ. ಯಾವಾಗ ಬರ್ತೈತಿ?"